ಕಡಲಿಗೆ ಗಾಳ ಹಾಕಲೂ ಪರವಾನಗಿ: ಲೆಕ್ಕಕ್ಕಾಗಿ ಬಂದ ಕಾನೂನು, ಹಕ್ಕಿಗಾಗಿ ನಡೆದ ವ್ಯಾಜ್ಯ

ಅಮೆರಿಕದ ನ್ಯೂಯಾರ್ಕ್ ರಾಜ್ಯಕ್ಕೆ ಸೇರಿದ ಲಾಂಗ್ ಐಲ್ಯಾಂಡ್ ದ್ವೀಪದ ದಂಡೆಯಲ್ಲಿ ನಿಂತು ಸಮುದ್ರಕ್ಕೆ ಗಾಳ ಎಸೆಯುವ ಹವ್ಯಾಸಿಗಳು 2009ರ ಸೆಪ್ಟೆಂಬರ್ ಕೊನೆಯವರೆಗೂ ರಾಜ್ಯ ಸರ್ಕಾರದ ಪರವಾನಗಿ ಪಡೆಯಬೇಕಾದ ಅಗತ್ಯವಿರಲಿಲ್ಲ. ಕೆರೆ, ಹೊಳೆಗಳಲ್ಲಿ ಮೀನು ಹಿಡಿಯಲು ಪರವಾನಗಿ ಬೇಕಿತ್ತು, ಕಡಲಿಗೆ ಬೇಕಿರಲಿಲ್ಲ. ಆ ವರ್ಷದ ಅಕ್ಟೋಬರ್ 1ರಿಂದ ಪರಿಸ್ಥಿತಿ ಬದಲಾಯಿತು. ವರ್ಷಕ್ಕೆ 10 ಡಾಲರ್ ತೆತ್ತು ಪರವಾನಗಿ ಪಡೆದವರಷ್ಟೇ ಉಪ್ಪುನೀರಿನಲ್ಲಿ ಗಾಳ ಹಾಕಬಹುದು ಎಂಬ ನಿಯಮ ಜಾರಿಗೆ ಬಂತು.

ಮೊತ್ತ ದೊಡ್ಡದಾಗಿರಲಿಲ್ಲ. ಆದರೆ ಪ್ರತಿರೋಧ ದೊಡ್ಡದಾಗಿತ್ತು. ಲಾಂಗ್ ಐಲ್ಯಾಂಡಿನ ಹಲವು ಪಟ್ಟಣಗಳ ಆಡಳಿತಗಳು ರಾಜ್ಯ ಸರ್ಕಾರದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವು. ಅವು ಮುಂದಿಟ್ಟ ದಾಖಲೆ ಮುನ್ನೂರು ವರ್ಷಗಳಿಗೂ ಹಳೆಯದು. ಪ್ರಶ್ನೆ ಹತ್ತು ಡಾಲರ್‌ಗಳದ್ದಾಗಿರಲಿಲ್ಲ. ಕಡಲು ಯಾರದು, ಅದರ ಮೀನನ್ನು ಎಣಿಸುವ ಹೊಣೆ ಯಾರದು ಎಂಬುದಾಗಿತ್ತು.

ಕಾನೂನು ಬಂದದ್ದೇಕೆ?

ಇದರ ಮೂಲವನ್ನು ಅರಿಯಲು ವಾಷಿಂಗ್ಟನ್ನಿನತ್ತ ನೋಡಬೇಕು. ಅಮೆರಿಕದ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಮುಖ್ಯ ಕಾಯ್ದೆಯ ಹೆಸರು ಮ್ಯಾಗ್ನುಸನ್-ಸ್ಟೀವನ್ಸ್ ಕಾಯ್ದೆ. ಅದರ ಪರಿಷ್ಕೃತ ರೂಪಕ್ಕೆ 2007ರ ಜನವರಿಯಲ್ಲಿ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಅದರಲ್ಲಿ ಎರಡು ಮಹತ್ವದ ಅಂಶಗಳಿದ್ದವು. ಒಂದು, ಪ್ರತಿಯೊಂದು ಪ್ರಮುಖ ಜಾತಿಯ ಮೀನಿಗೂ ವಾರ್ಷಿಕ ಹಿಡುವಳಿಯ ಮಿತಿ ನಿಗದಿಯಾಗಬೇಕು. ಎರಡು, ಹವ್ಯಾಸಕ್ಕಾಗಿ ಕಡಲಿನಲ್ಲಿ ಮೀನು ಹಿಡಿಯುವವರ ರಾಷ್ಟ್ರೀಯ ನೋಂದಣಿ ಪಟ್ಟಿ ಸಿದ್ಧವಾಗಬೇಕು.

ಈ ಎರಡೂ ಅಂಶಗಳು ಒಂದಕ್ಕೊಂದು ಹೆಣೆದುಕೊಂಡಿವೆ. ವೃತ್ತಿಪರ ದೋಣಿಗಳು ತಂದ ಮೀನು ಬಂದರಿನಲ್ಲಿ ಮಾರಾಟವಾಗುವಾಗ ಲೆಕ್ಕಕ್ಕೆ ಸಿಗುತ್ತದೆ. ಹವ್ಯಾಸಿಗಳು ಹಿಡಿದ ಮೀನು ಮಾರುಕಟ್ಟೆಗೆ ಬರುವುದಿಲ್ಲ. ನೇರವಾಗಿ ಮನೆಯ ಅಡುಗೆಮನೆ ಸೇರುತ್ತದೆ, ಇಲ್ಲವೇ ಮರಳಿ ನೀರಿಗೆ ಬೀಳುತ್ತದೆ. ಒಬ್ಬೊಬ್ಬರು ಹಿಡಿಯುವುದು ಕೆಲವೇ ಮೀನಾದರೂ ಹಿಡಿಯುವವರ ಸಂಖ್ಯೆ ಲಕ್ಷಗಟ್ಟಲೆ. ಕೆಲವು ಜಾತಿಗಳ ಮಟ್ಟಿಗೆ ಅವರ ಪಾಲು ವೃತ್ತಿಪರರ ಪಾಲಿಗಿಂತಲೂ ಹೆಚ್ಚು. ಈ ಪಾಲು ಎಷ್ಟೆಂದು ತಿಳಿಯದೆ ಒಟ್ಟು ಮಿತಿ ಹೇರುವುದರಲ್ಲಿ ಅರ್ಥವಿಲ್ಲ.

ಎಣಿಕೆಯ ವಿಧಾನ

ಹವ್ಯಾಸಿಗಳ ಹಿಡುವಳಿಯನ್ನು ಅಂದಾಜಿಸುವ ಸಮೀಕ್ಷೆ 1979ರಷ್ಟು ಹಿಂದೆಯೇ ಆರಂಭವಾಗಿತ್ತು. ಅದರ ಲೆಕ್ಕಾಚಾರ ಸರಳ. ಸಮೀಕ್ಷಕರು ದಂಡೆ, ದೋಣಿಕಟ್ಟೆಗಳಲ್ಲಿ ನಿಂತು ಮರಳಿ ಬರುವವರನ್ನು ಮಾತನಾಡಿಸುತ್ತಾರೆ. ಒಂದು ಸಲದ ಪ್ರವಾಸಕ್ಕೆ ಸರಾಸರಿ ಎಷ್ಟು ಮೀನು ಸಿಕ್ಕಿತು ಎಂಬುದು ಇದರಿಂದ ತಿಳಿಯುತ್ತದೆ. ಒಟ್ಟು ಎಷ್ಟು ಪ್ರವಾಸಗಳು ನಡೆದವು ಎಂಬುದನ್ನು ಪ್ರತ್ಯೇಕ ಸಮೀಕ್ಷೆಯಿಂದ ಅಂದಾಜಿಸಲಾಗುತ್ತದೆ. ಎರಡನ್ನೂ ಗುಣಿಸಿದರೆ ಒಟ್ಟು ಹಿಡುವಳಿ. ಉದಾಹರಣೆಗೆ, ಸರಾಸರಿ ಎರಡು ಮೀನಿನಂತೆ ಸಾವಿರ ಪ್ರವಾಸಗಳಾದರೆ ಎರಡು ಸಾವಿರ ಮೀನು. ಪ್ರವಾಸಗಳ ಎಣಿಕೆಯೇ ಎರಡು ಪಟ್ಟು ತಪ್ಪಿದರೆ ಮೀನಿನ ಲೆಕ್ಕವೂ ಎರಡು ಪಟ್ಟು ತಪ್ಪುತ್ತದೆ.

ತೊಡಕು ಇದ್ದದ್ದು ಇಲ್ಲಿಯೇ. ಪ್ರವಾಸಗಳನ್ನು ಎಣಿಸಲು ಕರಾವಳಿ ಜಿಲ್ಲೆಗಳ ಮನೆಗಳಿಗೆ ಯಾದೃಚ್ಛಿಕವಾಗಿ ದೂರವಾಣಿ ಕರೆ ಮಾಡಲಾಗುತ್ತಿತ್ತು. ಕರೆ ಸ್ವೀಕರಿಸಿದ ಬಹುಪಾಲು ಮನೆಗಳಲ್ಲಿ ಗಾಳ ಹಿಡಿಯುವವರೇ ಇರುತ್ತಿರಲಿಲ್ಲ. ಒಳನಾಡಿನಿಂದ ಬಂದು ಮೀನು ಹಿಡಿದು ಹೋಗುವವರು ಈ ಕರೆಗಳ ವ್ಯಾಪ್ತಿಗೆ ಬರುತ್ತಿರಲಿಲ್ಲ. ಮೊಬೈಲ್ ಬಳಕೆ ಹೆಚ್ಚಿ ಮನೆಯ ಸ್ಥಿರ ದೂರವಾಣಿಗಳು ಕಡಿಮೆಯಾದಂತೆ ಸಮೀಕ್ಷೆ ಇನ್ನಷ್ಟು ದುರ್ಬಲವಾಯಿತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ವಿಧಾನದ ದೋಷಗಳನ್ನು ಕಟುವಾಗಿ ಪಟ್ಟಿ ಮಾಡಿ, ಎಲ್ಲ ಹವ್ಯಾಸಿಗಳ ಹೆಸರಿರುವ ಪಟ್ಟಿಯೊಂದು ಬೇಕು ಎಂದು ಶಿಫಾರಸು ಮಾಡಿತು. ಮರುವರ್ಷದ ಕಾಯ್ದೆಗೆ ಇದೇ ಆಧಾರವಾಯಿತು.

ರಾಜ್ಯಗಳ ಮುಂದಿದ್ದ ಆಯ್ಕೆ

ರಾಷ್ಟ್ರೀಯ ನೋಂದಣಿ 2010ರ ಜನವರಿ 1ರಿಂದ ಜಾರಿಗೆ ಬಂತು. ಮೊದಲ ವರ್ಷ ಅದು ಉಚಿತವಾಗಿತ್ತು. ಮರುವರ್ಷದಿಂದ ಶುಲ್ಕ ವಿಧಿಸಲಾಯಿತು. ಆದರೆ ಒಂದು ವಿನಾಯಿತಿಯನ್ನು ಕಲ್ಪಿಸಲಾಗಿತ್ತು. ಯಾವುದೇ ರಾಜ್ಯ ತನ್ನದೇ ಪರವಾನಗಿ ಅಥವಾ ನೋಂದಣಿ ವ್ಯವಸ್ಥೆ ಮಾಡಿ ಹೆಸರು, ವಿಳಾಸಗಳ ಪಟ್ಟಿಯನ್ನು ಕೇಂದ್ರಕ್ಕೆ ಒದಗಿಸಿದರೆ ಅಲ್ಲಿನ ಹವ್ಯಾಸಿಗಳು ಪ್ರತ್ಯೇಕವಾಗಿ ಕೇಂದ್ರದಲ್ಲಿ ನೋಂದಾಯಿಸಬೇಕಿಲ್ಲ. 16 ವರ್ಷದೊಳಗಿನವರಿಗೂ, ಪರವಾನಗಿ ಪಡೆದ ಬಾಡಿಗೆ ದೋಣಿಯ ಪ್ರಯಾಣಿಕರಿಗೂ ಕೇಂದ್ರದ ನಿಯಮದಿಂದ ವಿನಾಯಿತಿ ದೊರೆಯಿತು.

ಫ್ಲಾರಿಡಾ, ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಿಗೆ ಇದು ಹೊಸದಾಗಿರಲಿಲ್ಲ. ಅಲ್ಲಿ ಕಡಲ ಪರವಾನಗಿ ಮೊದಲೇ ಇತ್ತು. ಆದರೂ ಫ್ಲಾರಿಡಾದಲ್ಲಿ ದಂಡೆಯಿಂದ ಗಾಳ ಹಾಕುವ ಸ್ಥಳೀಯರಿಗೆ ಇದ್ದ ವಿನಾಯಿತಿ 2009ರ ಆಗಸ್ಟ್‌ನಲ್ಲಿ ಕೊನೆಗೊಂಡು ಏಳೂವರೆ ಡಾಲರ್ ಶುಲ್ಕದ ಪರವಾನಗಿ ಬಂತು. ವರ್ಷ ತುಂಬುವ ಮೊದಲೇ ಶಾಸನಸಭೆ ಆ ಶುಲ್ಕವನ್ನು ಕೈಬಿಟ್ಟಿತು. ಪರವಾನಗಿ ಮಾತ್ರ ಉಳಿಯಿತು. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಕಡಲಕಟ್ಟೆಗಳ ಮೇಲಿಂದ ಗಾಳ ಹಾಕಲು ಪರವಾನಗಿ ಬೇಕಿಲ್ಲ. ಬಡವರೂ ಹೊಸಬರೂ ಹೆಚ್ಚಾಗಿ ನೆರೆಯುವ ಜಾಗಗಳಿವು.

ನಿಜವಾದ ವಾಗ್ವಾದ ನಡೆದದ್ದು ಈಶಾನ್ಯ ರಾಜ್ಯಗಳಲ್ಲಿ. ಅಲ್ಲಿ ಕಡಲು ಎಂದೂ ಉಚಿತವೇ ಆಗಿತ್ತು. ರೋಡ್ ಐಲ್ಯಾಂಡ್ ರಾಜ್ಯದ ಸಂವಿಧಾನವೇ ಜನರಿಗೆ ಮೀನುಗಾರಿಕೆಯ ಹಕ್ಕನ್ನೂ ಕಡಲತೀರದ ಬಳಕೆಯ ಹಕ್ಕನ್ನೂ ಖಾತರಿಪಡಿಸಿದೆ. ಹಾಗಿದ್ದೂ ಆ ರಾಜ್ಯ 2010ರಲ್ಲಿ 7 ಡಾಲರ್ ಶುಲ್ಕದ ಪರವಾನಗಿಯನ್ನು ತಂದಿತು. ಮ್ಯಾಸಚೂಸೆಟ್ಸ್ 2011ರಿಂದ 10 ಡಾಲರ್ ನಿಗದಿ ಮಾಡಿತು. 60 ವರ್ಷ ದಾಟಿದವರಿಗೆ ಶುಲ್ಕವಿಲ್ಲ. ನ್ಯೂಜೆರ್ಸಿ ಮಾತ್ರ ಬೇರೆ ದಾರಿ ಹಿಡಿದು 2011ರಲ್ಲಿ ಸಂಪೂರ್ಣ ಉಚಿತ ನೋಂದಣಿಯನ್ನು ಆರಂಭಿಸಿತು.

ರಾಜಶಾಸನದ ಬಲ

ನ್ಯೂಯಾರ್ಕಿನ ಪಟ್ಟಣಗಳ ವಾದಕ್ಕೆ ಆಧಾರವಾದದ್ದು ವಸಾಹತು ಕಾಲದ ಶಾಸನಪತ್ರಗಳು. ಇಂಗ್ಲೆಂಡಿನ ದೊರೆಯ ಪರವಾಗಿ ಅಂದಿನ ಗವರ್ನರ್ ಥಾಮಸ್ ಡೊಂಗನ್ 1686ರಲ್ಲಿ ಸೌತ್‌ಹ್ಯಾಂಪ್ಟನ್, ಈಸ್ಟ್ ಹ್ಯಾಂಪ್ಟನ್ ಮೊದಲಾದ ಊರುಗಳಿಗೆ ನೀಡಿದ ಈ ಪತ್ರಗಳು ಅಲ್ಲಿನ ಜಮೀನು, ಕೊಲ್ಲಿ, ನೀರು ಹಾಗೂ ಮೀನುಗಾರಿಕೆಯ ಹಕ್ಕುಗಳನ್ನು ಊರಿನ ಪ್ರತಿನಿಧಿಗಳಿಗೆ ವಹಿಸಿದ್ದವು. ಅಮೆರಿಕ ಸ್ವತಂತ್ರವಾದ ಮೇಲೂ ಈ ಹಕ್ಕುಗಳು ಅಳಿಯಲಿಲ್ಲ. ನಮ್ಮ ನೀರಿನಲ್ಲಿ ನಮ್ಮ ಜನ ಮೀನು ಹಿಡಿಯಲು ರಾಜ್ಯ ಹಣ ಕೇಳುವಂತಿಲ್ಲ ಎಂಬುದು ಪಟ್ಟಣಗಳ ನಿಲುವಾಗಿತ್ತು. ಮೀನು ಸಂಪತ್ತಿನ ರಕ್ಷಣೆ ಇಡೀ ರಾಜ್ಯಕ್ಕೆ ಸಂಬಂಧಿಸಿದ ವಿಷಯ. ಮೀನಿಗೆ ಊರಿನ ಗಡಿ ಗೊತ್ತಿಲ್ಲ ಎಂಬುದು ಎದುರಿನ ವಾದ.

2010ರ ಕೊನೆಯಲ್ಲಿ ನ್ಯಾಯಾಲಯ ಪಟ್ಟಣಗಳ ಪರವಾಗಿ ತೀರ್ಪು ನೀಡಿತು. 2011ರಲ್ಲಿ ರಾಜ್ಯ ಸರ್ಕಾರವೇ ಶುಲ್ಕವನ್ನು ರದ್ದುಗೊಳಿಸಿ ಉಚಿತ ವಾರ್ಷಿಕ ನೋಂದಣಿಯನ್ನು ಜಾರಿಗೆ ತಂದಿತು. ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ಉಚಿತ ಪದ್ಧತಿಯಲ್ಲೇ ಮುಂದುವರಿದಿವೆ. ಹತ್ತು ಡಾಲರ್ ಹೋಯಿತು, ಹೆಸರು ಬರೆಸುವುದು ತಪ್ಪಲಿಲ್ಲ.

ಹವ್ಯಾಸಿಗಳ ನಾಲ್ಕು ದೂರುಗಳು

ಹವ್ಯಾಸಿಗಳ ಆಕ್ಷೇಪಗಳು ಎಲ್ಲ ರಾಜ್ಯಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯವು. ಮೊದಲನೆಯದು ಸಂಪ್ರದಾಯ: ಅಜ್ಜನ ಕಾಲದಿಂದ ಉಚಿತವಾಗಿದ್ದ ಕಡಲಿಗೆ ಈಗೇಕೆ ಸುಂಕ? ಎರಡನೆಯದು ಅಪನಂಬಿಕೆ: ಇಂದು ಹತ್ತು ಡಾಲರ್, ನಾಳೆ ಎಷ್ಟೋ, ವಸೂಲಾದ ಹಣ ಬೊಕ್ಕಸದ ಯಾವುದೋ ಕಂದಕ ತುಂಬಲು ಹೋದೀತು. ಮೂರನೆಯದು ಭಯ: ನಮ್ಮನ್ನು ಎಣಿಸಿ, ಆ ಲೆಕ್ಕವನ್ನೇ ನಮ್ಮ ವಿರುದ್ಧ ಬಳಸಿ ಋತುವನ್ನು ಮೊಟಕುಗೊಳಿಸುತ್ತಾರೆ. ನಾಲ್ಕನೆಯದು ನ್ಯಾಯದ ಪ್ರಶ್ನೆ: ದೋಣಿ ಇದ್ದವನಿಗೆ ಈ ಶುಲ್ಕ ಲೆಕ್ಕಕ್ಕಿಲ್ಲ, ರಾತ್ರಿಯ ಊಟಕ್ಕೆಂದು ಸೇತುವೆಯ ಮೇಲೆ ನಿಂತವನಿಗೆ ಹೊರೆ.

ಪರವಾನಗಿಯನ್ನು ಬೆಂಬಲಿಸುವ ಹವ್ಯಾಸಿಗಳೂ ಕಡಿಮೆಯೇನಿಲ್ಲ. ಅವರ ವಾದ ಹಣಕಾಸಿಗೆ ಸಂಬಂಧಿಸಿದ್ದು. ಗಾಳ, ಗಾಳದ ಕೋಲು ಮೊದಲಾದ ಸಲಕರಣೆಗಳ ಮೇಲಿನ ಕೇಂದ್ರ ತೆರಿಗೆಯನ್ನು 1950ರ ಕಾಯ್ದೆಯ ಪ್ರಕಾರ ರಾಜ್ಯಗಳಿಗೆ ಹಂಚಲಾಗುತ್ತದೆ. ಈ ಹಂಚಿಕೆಯಲ್ಲಿ ಶೇ. 60ರಷ್ಟು ಭಾಗ ಹಣ ಕೊಟ್ಟು ಪರವಾನಗಿ ಪಡೆದವರ ಸಂಖ್ಯೆಯನ್ನು, ಉಳಿದ ಶೇ. 40 ರಾಜ್ಯದ ವಿಸ್ತೀರ್ಣವನ್ನು ಅವಲಂಬಿಸಿದೆ. ಉಚಿತ ನೋಂದಣಿಯವರು ಈ ಎಣಿಕೆಗೆ ಬರುವುದಿಲ್ಲ. ಅಂದರೆ ಹತ್ತು ಡಾಲರ್ ಉಳಿಸಿದ ರಾಜ್ಯ ಕೇಂದ್ರದ ಪಾಲನ್ನೂ ಬಿಟ್ಟುಕೊಟ್ಟಂತೆ.

ಹಣ ಬೇರೆಡೆಗೆ ಹೋಗುತ್ತದೆ ಎಂಬ ದೂರಿಗೂ ಅದೇ ಕಾಯ್ದೆಯಲ್ಲಿ ಉತ್ತರವಿದೆ. ಪರವಾನಗಿ ಶುಲ್ಕವನ್ನು ಮೀನುಗಾರಿಕೆ ಹಾಗೂ ವನ್ಯಜೀವಿ ಇಲಾಖೆಯ ಕೆಲಸಕ್ಕಲ್ಲದೆ ಬೇರೆಡೆ ಬಳಸುವ ರಾಜ್ಯ ಕೇಂದ್ರದ ನೆರವಿಗೆ ಅರ್ಹತೆ ಕಳೆದುಕೊಳ್ಳುತ್ತದೆ. ಮ್ಯಾಸಚೂಸೆಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತ್ಯೇಕ ನಿಧಿ ಸ್ಥಾಪಿಸಿ, ಅದರ ಮೂರನೇ ಒಂದು ಭಾಗವನ್ನು ಕಟ್ಟೆ, ದೋಣಿ ಇಳಿಸುವ ಜಾಗ ಮೊದಲಾದ ಸಾರ್ವಜನಿಕ ಸೌಕರ್ಯಗಳಿಗೆ ಮೀಸಲಿಟ್ಟಿತು. ತಾವು ಕೊಟ್ಟ ಹಣ ಕಣ್ಣೆದುರಿಗೇ ಕಟ್ಟೆಯಾಗಿ ನಿಂತಾಗ ಆಕ್ಷೇಪದ ಕಾವು ಕಡಿಮೆಯಾಗುವುದು ಸಹಜ.

ಪಟ್ಟಿ ಬಂದರೂ ಲೆಕ್ಕ ಸರಿಹೋಯಿತೇ?

ಋತು ಮೊಟಕಾಗುವ ಭಯ ನಿರಾಧಾರವಾಗಿರಲಿಲ್ಲ. ಮೆಕ್ಸಿಕೊ ಕೊಲ್ಲಿಯ ರೆಡ್ ಸ್ನ್ಯಾಪರ್ ಮೀನಿಗೆ 2017ರಲ್ಲಿ ಖಾಸಗಿ ಹವ್ಯಾಸಿಗಳಿಗೆ ಕೇಂದ್ರದ ನೀರಿನಲ್ಲಿ ಸಿಕ್ಕ ಅವಧಿ ಬರೀ ಮೂರು ದಿನ. ಭಾರಿ ಪ್ರತಿಭಟನೆಯ ನಂತರ ಅದನ್ನು 39 ದಿನ ವಿಸ್ತರಿಸಲಾಯಿತು. ಕೇಂದ್ರದ ಲೆಕ್ಕವನ್ನು ನಂಬದ ಲೂಸಿಯಾನ, ಅಲಬಾಮಾ, ಮಿಸಿಸಿಪ್ಪಿಯಂಥ ರಾಜ್ಯಗಳು ತಮ್ಮದೇ ಎಣಿಕೆ ವ್ಯವಸ್ಥೆಗಳನ್ನು ರೂಪಿಸಿಕೊಂಡವು.

ದೂರವಾಣಿ ಸಮೀಕ್ಷೆಯ ಜಾಗಕ್ಕೆ 2018ರಲ್ಲಿ ಅಂಚೆಯ ಮೂಲಕ ನಡೆಯುವ ಸಮೀಕ್ಷೆ ಪೂರ್ಣವಾಗಿ ಬಂತು. ವಿಳಾಸಗಳನ್ನು ಪರವಾನಗಿ ಪಟ್ಟಿಯೊಂದಿಗೆ ತಾಳೆ ಹಾಕಿ ಪ್ರಶ್ನಾವಳಿ ಕಳುಹಿಸುವ ಪದ್ಧತಿಯಿದು. ಪಟ್ಟಿಯ ಉಪಯೋಗ ಆದದ್ದು ಇಲ್ಲಿ. ಹೊಸ ವಿಧಾನ ತೋರಿಸಿದ ಪ್ರವಾಸಗಳ ಸಂಖ್ಯೆ, ವಿಶೇಷವಾಗಿ ದಂಡೆಯಿಂದ ಗಾಳ ಹಾಕುವವರದು, ಹಿಂದಿನದಕ್ಕಿಂತ ಬಹಳ ಹೆಚ್ಚಾಗಿತ್ತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೇಂದ್ರ ಮೀನುಗಾರಿಕಾ ಇಲಾಖೆಯೇ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಪ್ರಾಯೋಗಿಕ ಅಧ್ಯಯನವು, ಪ್ರಶ್ನೆಗಳ ಕ್ರಮವನ್ನು ಬದಲಿಸಿದರೆ ಪ್ರವಾಸಗಳ ಅಂದಾಜು ಸಾಮಾನ್ಯವಾಗಿ ಶೇ. 30ರಿಂದ 40ರಷ್ಟು ಇಳಿಯುತ್ತದೆ ಎಂದು ತಿಳಿಸಿತು. ಯಾರನ್ನು ಕೇಳಬೇಕು ಎಂಬುದು ಪಟ್ಟಿಯಿಂದ ತಿಳಿಯಿತು; ಹೇಗೆ ಕೇಳಬೇಕು ಎಂಬುದು ಉಳಿದುಕೊಂಡಿತು. ತಮ್ಮ ಹೆಸರು ಕೊಟ್ಟು ಸಹಕರಿಸಿದ ಹವ್ಯಾಸಿಗಳಲ್ಲಿ ಇದು ಅಸಮಾಧಾನ ಮೂಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಐರೋಪ್ಯ ಒಕ್ಕೂಟವೂ ಇದೇ ದಾರಿ ಹಿಡಿದಿದೆ. ಅದು 2023ರಲ್ಲಿ ಅಂಗೀಕರಿಸಿದ ನಿಯಮದಂತೆ ಕೆಲವು ಆಯ್ದ ಜಾತಿಗಳನ್ನು ಹಿಡಿಯುವ ಕಡಲ ಹವ್ಯಾಸಿಗಳ ನೋಂದಣಿಗೂ ವಿದ್ಯುನ್ಮಾನ ವರದಿಗೂ 2026ರ ಜನವರಿ 10ರ ಗಡುವು ನಿಗದಿಯಾಯಿತು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ, ಮಕ್ಕಳ ಮನೆಗೆ ಹೋಗುವ ತಂದೆ-ತಾಯಂದಿರಿಗೂ ಇಲ್ಲೊಂದು ಎಚ್ಚರಿಕೆಯ ಮಾತಿದೆ. ಪ್ರವಾಸಿಗರೆಂಬ ಕಾರಣಕ್ಕೆ ಈ ನಿಯಮಗಳಿಂದ ವಿನಾಯಿತಿಯಿಲ್ಲ. ನ್ಯೂಜೆರ್ಸಿಯ ದಂಡೆಯಲ್ಲಿ ಒಂದು ಸಂಜೆ ಗಾಳ ಹಿಡಿದು ನಿಲ್ಲುವವರೂ ಮೊದಲು ಹೆಸರು ನೋಂದಾಯಿಸಬೇಕು. ನೋಂದಣಿ ಉಚಿತವಾದರೂ ಕಡ್ಡಾಯ. ಒಂದು ರಾಜ್ಯದ ಪರವಾನಗಿ ಇನ್ನೊಂದರಲ್ಲಿ ನಡೆಯುತ್ತದೆಯೇ ಎಂಬುದು ಆ ರಾಜ್ಯಗಳ ಪರಸ್ಪರ ಒಪ್ಪಂದವನ್ನು ಅವಲಂಬಿಸಿದೆ.

ಕಡಲು ಎಲ್ಲರದು ಎಂಬ ಮಾತಿನಲ್ಲಿ ಹವ್ಯಾಸಿಗಳಿಗೂ ಸರ್ಕಾರಗಳಿಗೂ ಭಿನ್ನಾಭಿಪ್ರಾಯವಿಲ್ಲ. ಎಲ್ಲರದಾದ ಕಾರಣಕ್ಕೇ ಲೆಕ್ಕ ಕೇಳಬಾರದು ಎನ್ನುತ್ತಾರೆ ಒಬ್ಬರು. ಎಲ್ಲರದಾದ ಕಾರಣಕ್ಕೇ ಲೆಕ್ಕ ಇಡಬೇಕು ಎನ್ನುತ್ತಾರೆ ಇನ್ನೊಬ್ಬರು. ಹತ್ತು ಡಾಲರ್ ವ್ಯಾಜ್ಯವನ್ನು ನ್ಯಾಯಾಲಯ ತೀರ್ಮಾನಿಸಬಹುದು. ಇಟ್ಟ ಲೆಕ್ಕ ಸರಿಯೆಂದು ಗಾಳ ಹಿಡಿದವರಿಗೆ ಮನವರಿಕೆ ಮಾಡಿಕೊಡುವ ಕೆಲಸ ಮಾತ್ರ ಸರ್ಕಾರಗಳ ಪಾಲಿಗೆ ಇನ್ನೂ ಉಳಿದಿದೆ.