ಎಡಗಾಲಿಗೊಂದು ಪಂದ್ಯಾವಳಿ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆತನಗಳಿಗೆ ಒಂದು ಕಾಲಕ್ಕೆ ಹೈದರಾಬಾದೇ ರಾಜಧಾನಿ. ಉಮರ್ಗಾ ಆಗ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ನಿಲಂಗಾ, ಉದಗೀರಗಳು ಬೀದರ ಜಿಲ್ಲೆಗೆ ಸೇರಿದ್ದವು. 1956ರ ಪುನರ್ವಿಂಗಡಣೆಯಲ್ಲಿ ಮೂರೂ ಮುಂಬಯಿ ರಾಜ್ಯಕ್ಕೆ ಹೋಗಿ, 1960ರಲ್ಲಿ ಮಹಾರಾಷ್ಟ್ರದೊಳಗಾದವು. ಉದಗೀರದಲ್ಲಿ ಮಹಾವಿದ್ಯಾಲಯ ತೆರೆದದ್ದು 1962ರಲ್ಲಿ. ಅದಕ್ಕೆ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಬಯಸಿದ ಹುಡುಗ ಬುತ್ತಿ ಕಟ್ಟಿಕೊಂಡು ದೂರದ ಊರಿಗೇ ಹೊರಡಬೇಕಿತ್ತು. ಆದ್ದರಿಂದ ಹೈದರಾಬಾದಿನ ಕಾಲೇಜು ಮೈದಾನಗಳ ಈ ಕಥೆಯನ್ನು ನಮ್ಮ ಓದುಗರು ಪರಊರಿನದೆಂದು ತಿಳಿಯಬೇಕಾಗಿಲ್ಲ.

ಕಾಲ್ಚೆಂಡಾಟವನ್ನು ನಮ್ಮ ದೇಶಕ್ಕೆ ತಂದವರು ಬಿಳಿಯ ಸಿಪಾಯಿಗಳು. ಅದನ್ನು ಅವರಿಂದ ಕಸಿದುಕೊಂಡವರಲ್ಲಿ ಕಾಲೇಜಿನ ತರುಣರು ಮುಂದಾಳುಗಳು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ದಳವನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದಾಗ, ಹನ್ನೊಂದು ಜನರಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿದ್ದರು. ಹೈದರಾಬಾದಿನಲ್ಲಿ 1887ರಿಂದ ನಿಜಾಂ ಕಾಲೇಜು ಇತ್ತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎಂಬ ನಮ್ಮ ಹಿರಿಯರ ಪಾಡಿನಲ್ಲಿ ಮೂರನೆಯದೇ ಅಲ್ಲಿ ಪಾಠದ ಭಾಷೆ.

ಆ ಉಸ್ಮಾನಿಯಾ ತಂಡದಲ್ಲಿ ಆಡಿದವರೊಬ್ಬರು ಸೈಯದ್ ಅಬ್ದುಲ್ ರಹೀಂ. 1909ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಇವರು ಅನಂತರ ಸಿಟಿ ಕಾಲೇಜಿನ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳೇ ತುಂಬಿದ್ದ 'ಇಲೆವನ್ ಹಂಟರ್ಸ್' ತಂಡದಲ್ಲಿಯೂ ಆಡಿದರು. ವೃತ್ತಿಯಿಂದ ಶಾಲಾ ಮಾಸ್ತರರು. ಆಟಗಾರನೊಬ್ಬ ಮಾಸ್ತರನಾದರೆ ಏನಾಗುವುದೆಂಬುದನ್ನು ಅವರ ಪದ್ಧತಿಯಲ್ಲಿಯೇ ಕಾಣಬಹುದು. ನಮ್ಮಲ್ಲಿ ಬಹುತೇಕರಿಗೆ ಒಂದು ಕಾಲು ಬಲವಾದದ್ದು, ಇನ್ನೊಂದು ಬರಿಯ ಊರುಗೋಲು. ರಹೀಂ ಸಾಹೇಬರು ದುರ್ಬಲ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ಪಂದ್ಯಾವಳಿಗಳನ್ನು ನಡೆಸಿದರು. ಚೆಂಡನ್ನು ಕಾಲಲ್ಲೇ ಆಡಿಸುತ್ತ ಓಡಬಾರದು, ಕೂಡಲೇ ಜೊತೆಗಾರನಿಗೆ ದಾಟಿಸಬೇಕು ಎಂಬ ನಿಯಮದ ಪಂದ್ಯಗಳನ್ನೂ ಏರ್ಪಡಿಸಿದರು. ಒಂಟಿಯಾಗಿ ಮೆರೆಯುವ ಚಪಲ ಹುಡುಗರಿಗೆ ಎಷ್ಟೆಂಬುದನ್ನು ಬಲ್ಲ ಮಾಸ್ತರನಿಗಷ್ಟೇ ಹೊಳೆಯಬಲ್ಲ ಉಪಾಯವಿದು! ಇದಕ್ಕೆ ಹಣವೂ ಬೇಕಿಲ್ಲ, ಹುಲ್ಲುಹಾಸೂ ಬೇಕಿಲ್ಲ. ಮಳೆಗಾಲದಲ್ಲಿ ಕಾಲಿಗಂಟಿ ಬೇಸಿಗೆಯಲ್ಲಿ ಬಿರುಕು ಬಿಡುವ ನಮ್ಮ ಎರೆಮಣ್ಣಿನ ಮೇಲೂ ಆಡಬಹುದಾದುದು.

ಫಲ ಕಾಣಲು ತಡವಾಗಲಿಲ್ಲ. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡದ ಹೊಣೆಯೂ ಅವರದಾಯಿತು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಬಂತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾದೆದುರು 10-1ರ ಸೋಲಾಗಿ ಬರಿಗಾಲಿನ ಆಟಕ್ಕೆ ತೆರೆಬಿತ್ತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು.

ಮೆಲ್ಬರ್ನಿಗೆ ಹೋದವರಲ್ಲಿ ತುಳಸಿದಾಸ್ ಬಲರಾಮ್ ಒಬ್ಬರು. ಸಿಕಂದರಾಬಾದಿನ ಅಮ್ಮುಗೂಡದ ಬಡಮನೆಯ ಹುಡುಗ. ಆಟವಿತ್ತು, ಹೈದರಾಬಾದಿನ ಅಭ್ಯಾಸಕ್ಕೆ ದಿನವೂ ಬಂದುಹೋಗಲು ಕಾಸಿರಲಿಲ್ಲ. ರಹೀಂ ಸಾಹೇಬರು ಸೈಕಲ್ ಬಾಡಿಗೆಗೆ ಹಣ ಕೊಟ್ಟು ಅವನನ್ನು ಕರೆಸಿಕೊಂಡರು. ಪಕ್ಕದ ಸಿಕಂದರಾಬಾದಿನಿಂದಲೇ ಬರಲು ಇಷ್ಟು ಕಷ್ಟವಾಗಿದ್ದರೆ, ನಿಲಂಗಾ, ಉದಗೀರದ ಕಡೆಯ ಎಷ್ಟು ಒಳ್ಳೆಯ ಕಾಲುಗಳು ಹೊಲದ ಬದುವಿನಲ್ಲಿಯೇ ಉಳಿದಿರಬಹುದು! ಬಲರಾಮ್ 1960ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೇರಿ ಮತ್ತು ಪೆರುಗಳ ವಿರುದ್ಧ ಗೋಲು ಹೊಡೆದರು.

1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಿಗೆ ಹೊರಟಾಗ ಮಾಸ್ತರರಿಗೆ ಕ್ಯಾನ್ಸರ್ ತಗುಲಿತ್ತು. ಅಂತಿಮ ಪಂದ್ಯದಲ್ಲಿ ಅವರ ಹುಡುಗರು ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದರು. 1963ರ ಜೂನ್ 11ರಂದು ರಹೀಂ ಸಾಹೇಬರು ತೀರಿಕೊಂಡರು.