ಕರುಳಿಗೆ ಸಕಾಲದ ಆಹಾರ

ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿಯು ಚೇತರಿಸಿದ ಮೇಲೆಯೇ ಆಹಾರ ಕೊಟ್ಟರಾಯಿತೆಂದು ನಾವು ಸಹಜವಾಗಿ ಎಣಿಸುತ್ತೇವೆ. ಈ ತಡವು ನಿರಪಾಯಕರವಲ್ಲ. ಕರುಳು ಅನ್ನವನ್ನು ಅರಗಿಸುವ ಅಂಗ ಮಾತ್ರವಲ್ಲ. ರೋಗವನ್ನು ಎದುರಿಸುವ ದೇಹಬಲದ ದೊಡ್ಡ ಪಾಳೆಯವೂ ಅಲ್ಲಿಯೇ ಇರುವುದು. ಆಹಾರವು ತಾಕದಿದ್ದರೆ ಅದರ ಒಳಪೊರೆಯು ಕ್ಷೀಣಿಸಿ, ಅದನ್ನು ಕಾಯುವ ಪ್ರತಿಕಾಯಗಳು ತಗ್ಗುವವೆಂದು ಪ್ರಾಣಿಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ.

1992ರಲ್ಲಿ ಅಮೆರಿಕದ ಮೆಂಫಿಸ್ ನಗರದ ವೈದ್ಯರು, ಹೊಟ್ಟೆಗೆ ತೀವ್ರ ಗಾಯವಾದ 98 ಮಂದಿಯ ಪರೀಕ್ಷೆಯನ್ನು ಪ್ರಕಟಿಸಿದರು. ಬೇಗನೆ ನಳಿಕೆಯ ಮೂಲಕ ಕರುಳಿಗೆ ಆಹಾರ ಪಡೆದವರಲ್ಲಿ, ರಕ್ತನಾಳದಿಂದ ಪೋಷಣೆ ಪಡೆದವರಿಗಿಂತ, ನ್ಯುಮೋನಿಯ ಮೊದಲಾದ ಸೋಂಕುಗಳು ಕಡಿಮೆಯಾಗಿದ್ದವು. ಆದುದರಿಂದ ಈಗ 24ರಿಂದ 48 ಗಂಟೆಗಳೊಳಗೆ ನಳಿಕೆಯಿಂದ ಸ್ವಲ್ಪ ಸ್ವಲ್ಪವಾಗಿ ಆಹಾರವನ್ನಾರಂಭಿಸುವುದು ವೈದ್ಯರ ಪದ್ಧತಿ.

ಆದರೂ ಆತುರವು ಸಲ್ಲದು. ರಕ್ತದೊತ್ತಡವು ಕುಸಿದಿದ್ದ 2,410 ರೋಗಿಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯಲ್ಲಿ, ಬೇಗನೆ ಕರುಳಿಗೆ ಪೂರ್ಣಪ್ರಮಾಣದ ಆಹಾರ ಕೊಟ್ಟುದರಿಂದ ಸೋಂಕುಗಳು ತಗ್ಗಲಿಲ್ಲ. ರಕ್ತ ಸಾಲದೆ ಕರುಳಿಗಾಗುವ ಹಾನಿಯು ಹೆಚ್ಚಾಗಿಯೇ ಕಂಡುಬಂದಿತು. ಅಂಥವರ ರಕ್ತದೊತ್ತಡವು ಹತೋಟಿಗೆ ಬರುವ ವರೆಗೆ ಕಾಯತಕ್ಕದ್ದು.

ಮುಂದೆ ದಾದಿಯರಾಗಲಿಚ್ಛಿಸುವ ನಮ್ಮ ಸೋದರಿಯರು ಇದನ್ನು ನೆನಪಿನಲ್ಲಿಡಲಿ: ಆಹಾರವೂ ಔಷಧದಂತೆಯೇ, ಅದರ ಗುಣವು ಕೊಡುವ ವೇಳೆಯನ್ನೂ ಅಳತೆಯನ್ನೂ ಹೊಂದಿಕೊಂಡಿರುವುದು.