ಒಡೆಯುತ್ತದೆ ಎಂದು ಗೊತ್ತಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ

ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಿರಿ. 147573952589676412927 ಸಿಗುತ್ತದೆ. ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆ ಅವಿಭಾಜ್ಯ ಎಂದು ಫ್ರಾನ್ಸಿನ ಸನ್ಯಾಸಿ ಮರ್ಸೆನ್ 1644ರಲ್ಲಿ ಬರೆದುಬಿಟ್ಟ. ಪುರಾವೆ ಕೊಡಲಿಲ್ಲ. ಕೇಳುವವರಿಗೂ ಪರೀಕ್ಷಿಸುವ ದಾರಿ ಇರಲಿಲ್ಲ. ಮಾತು ಇನ್ನೂರು ವರ್ಷ ದಾಟಿ ಉಳಿಯಿತು.

1876ರಲ್ಲಿ ಅದನ್ನು ಉರುಳಿಸಿದವನು ಅದೇ ದೇಶದ ಗಣಿತಜ್ಞ ಲೂಕಾ. ಅವನು ಅಪವರ್ತನ ಹುಡುಕಲು ಹೋಗಲೇ ಇಲ್ಲ. ಅವನ ಪರೀಕ್ಷೆಯನ್ನು ಈಗ ಹೀಗೆ ಹೇಳುತ್ತಾರೆ: 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊ, ಮತ್ತೆ ವರ್ಗ ಮಾಡು. 65 ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಉಳಿದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. ಇಲ್ಲಿ ಸೊನ್ನೆ ಉಳಿಯುವುದಿಲ್ಲ. ಅಂದರೆ ಸಂಖ್ಯೆ ಒಡೆಯುತ್ತದೆ. ಎಲ್ಲಿ ಒಡೆಯುತ್ತದೆ ಎಂಬುದರ ಸುಳಿವನ್ನು ಮಾತ್ರ ಪರೀಕ್ಷೆ ಬಿಟ್ಟುಕೊಡುವುದಿಲ್ಲ. ನನಗೆ ಈ ಕತೆಯಲ್ಲಿ ಅತ್ಯಂತ ವಿಚಿತ್ರವೆನಿಸುವುದು ಇದೇ.

ಆ ಜಾಗ ಸಿಕ್ಕಿದ್ದು 27 ವರ್ಷದ ನಂತರ. 1903ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ ನ್ಯೂಯಾರ್ಕಿನಲ್ಲಿ ನಡೆದಾಗ, ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಎರಡು ಅಪವರ್ತನಗಳನ್ನು ಮುಂದಿಟ್ಟರು: 193707721 ಮತ್ತು 761838257287. ಅವರು ಒಂದು ಮಾತನ್ನೂ ಆಡದೆ ಕಪ್ಪುಹಲಗೆಯ ಮೇಲೆ ಗುಣಿಸಿ ತೋರಿಸಿ ಕುಳಿತರು, ಸಭೆ ಎದ್ದು ಚಪ್ಪಾಳೆ ತಟ್ಟಿತು, ಎಷ್ಟು ಕಾಲ ಹಿಡಿಯಿತೆಂದು ಮುಂದೆ ಕೇಳಿದ್ದಕ್ಕೆ ‘ಮೂರು ವರ್ಷದ ಭಾನುವಾರಗಳು’ ಎಂದರು ಎಂದು ಗಣಿತಜ್ಞ ಇ. ಟಿ. ಬೆಲ್ ಬರೆದಿದ್ದಾರೆ. ಬೆಲ್ ಕತೆಗೆ ಬಣ್ಣ ಹಚ್ಚುವುದರಲ್ಲಿ ನಿಸ್ಸೀಮರು, ಅದನ್ನು ಅಷ್ಟಕ್ಕಷ್ಟೇ ನಂಬಬೇಕು.

ಆ ಮೌನಕ್ಕಿಂತ ಕೋಲ್ ಅವರ ವಿಧಾನ ದೊಡ್ಡದು. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, 134ರಿಂದ ಭಾಗಿಸಿದಾಗ 1 ಉಳಿಸಬೇಕು. 8ರಿಂದ ಭಾಗಿಸಿದಾಗ 1 ಇಲ್ಲವೇ 7 ಉಳಿಸಬೇಕು. ಇಷ್ಟು ಸೋಸಿದ ಮೇಲೂ ಸಣ್ಣ ಅಪವರ್ತನವನ್ನು ಮುಟ್ಟುವ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಉಳಿಯುತ್ತಾರೆ. ಕೈಲೆಕ್ಕದಲ್ಲಿ ಅದು ಆಗಹೋಗದ ಮಾತು. ಕೋಲ್ ವರ್ಗಶೇಷಗಳನ್ನು, ಅಂದರೆ ವರ್ಗಸಂಖ್ಯೆಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳನ್ನು, ಕಲೆಹಾಕಿ ಜರಡಿಯ ಕಣ್ಣನ್ನು ಇನ್ನಷ್ಟು ಕಿರಿದು ಮಾಡಿಕೊಂಡರು. ಅವರ ಮುದ್ರಿತ ಲೇಖನದಲ್ಲಿರುವುದು ಈ ದುಡಿಮೆಯೇ.

ಎಷ್ಟು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಅವಿಭಾಜ್ಯ ಸಿಗುತ್ತದೆ ಎಂದು ಮರ್ಸೆನ್ ಕೊಟ್ಟ ಪಟ್ಟಿಯಲ್ಲಿ 67ರಂತೆ 257 ಕೂಡ ತಪ್ಪಿತ್ತು. 61, 89, 107 ಬಿಟ್ಟುಹೋಗಿದ್ದವು. ಕೋಲ್ ಹೆಸರಿನಲ್ಲಿ ಅಮೆರಿಕನ್ ಗಣಿತ ಸಂಘ ಇಂದಿಗೂ ಪ್ರಶಸ್ತಿ ಕೊಡುತ್ತಿದೆ, 2011ರಲ್ಲಿ ಅದನ್ನು ಹಂಚಿಕೊಂಡವರಲ್ಲಿ ಮುಂಬಯಿಯ ಚಂದ್ರಶೇಖರ ಖರೆ ಒಬ್ಬರು.

ಕೋಲ್ ಕೊಟ್ಟ ಅಪವರ್ತನಗಳಲ್ಲಿ ನಂಬಿಕೆ ಬಾರದಿದ್ದರೆ ಕಾಗದ ತೆಗೆದು ನೀವೇ ಗುಣಿಸಿ. ಅಂಕಿಗಳನ್ನು ಕೂಡಿಸುತ್ತ ಹೋದರೆ ಎರಡು ಅಪವರ್ತನಗಳೂ 1ಕ್ಕೆ ಇಳಿಯುತ್ತವೆ. ನಿಮ್ಮ ಗುಣಲಬ್ಧವೂ 1ಕ್ಕೇ ಇಳಿಯಬೇಕು, ಇಲ್ಲವಾದರೆ ಎಲ್ಲೋ ದಶಕ ತಪ್ಪಿದೆ.